ಮತ್ತೆ ಬಂದವರ ಲೆಕ್ಕ: ರೆಗೇ-ರಾಕ್ ಬ್ಯಾಂಡೊಂದು ಶೋ ಮಾಡುತ್ತಲೇ ಕೇಳುಗರನ್ನು ಸಂಪಾದಿಸುವುದು ಹೇಗೆ

ನಮ್ಮ ಬ್ಯಾಂಡಿನ ಮೊದಲ ಶೋಗೆ 63 ಜನ ಬಂದಿದ್ದರು. ಎರಡನೆಯದಕ್ಕೆ 19. ಮೂರನೆಯದಕ್ಕೆ 11, ಅದರಲ್ಲಿ ಇಬ್ಬರು ಅಲ್ಲಿನ ವೇಟರ್‌ಗಳು.

ಮೊದಲ ದಿನ ಬಂದವರೆಲ್ಲ ಆಫೀಸಿನವರು, ಕಾಲೇಜು ಗೆಳೆಯರು, ಡ್ರಮ್ಮರ್‌ನ ಅಕ್ಕ-ಭಾವ. ಮದುವೆಗೆ ಬಂದ ಹಾಗೆ ಬಂದರು, ಮುಯ್ಯಿ ತೀರಿಸಿದರು, ಹೋದರು. ಅವರದ್ದು ತಪ್ಪಲ್ಲ. ನಾವೇ ಅದನ್ನು ಜನ ಸೇರಿದ್ದು ಅಂದುಕೊಂಡಿದ್ದು ತಪ್ಪು. ಆದರೆ ಮೂರನೇ ಶೋನಲ್ಲಿ ಮೂಲೆಯಲ್ಲಿ ಒಬ್ಬ ಹುಡುಗ ನಿಂತಿದ್ದ. ನಮ್ಮಲ್ಲಿ ಯಾರಿಗೂ ಪರಿಚಯದವನಲ್ಲ. ಸಾಮಾನು ಕಟ್ಟುವಾಗ ಗಿಟಾರಿಸ್ಟ್ ಹೇಳಿದ: "ಲೋ, ಅವನು ಹೋದ ಸಲಾನೂ ಬಂದಿದ್ದ ಕಣೋ."

ಅವತ್ತೇ 100 ಪುಟದ ಒಂದು ರೂಲ್ಡ್ ನೋಟ್‌ಬುಕ್ ತಗೊಂಡೆವು. ಎಷ್ಟು ಜನ ಬಂದರು ಅನ್ನುವುದನ್ನು ಅದರಲ್ಲಿ ಬರೆಯುವುದಿಲ್ಲ. ಯಾರು ಮತ್ತೆ ಬಂದರು ಅನ್ನುವುದನ್ನು ಮಾತ್ರ ಬರೆಯುತ್ತೇವೆ. ನಾನು ಬೇಸ್, ಅಂದರೆ ಕೆಳಗಿನ ದನಿಯ ಗಿಟಾರ್, ನುಡಿಸುವವನು. ನಾವು ಐದು ಜನ, ಬೆಂಗಳೂರಿನವರು, ಯಾರೂ ಕೆಲಸ ಬಿಟ್ಟಿಲ್ಲ. ನುಡಿಸುವುದು ರೆಗೇ-ರಾಕ್, ಅಂದರೆ ಜಮೈಕಾದ ರೆಗೇ ಲಯಕ್ಕೆ ರಾಕ್ ಬೆರೆಸಿದ್ದು. ನಮ್ಮ ಹಿಂದೆ ಕಂಪನಿಯೂ ಇಲ್ಲ, ಮ್ಯಾನೇಜರೂ ಇಲ್ಲ. ನಿಮ್ಮದೂ ಅಂಥದ್ದೇ ಬ್ಯಾಂಡ್ ಆಗಿದ್ದರೆ ಮುಂದಿನದ್ದು ಉಪಯೋಗಕ್ಕೆ ಬರಬಹುದು.

1. ಮೊದಲು 40 ನಿಮಿಷ ಗಟ್ಟಿ ಮಾಡಿಕೊಳ್ಳಿ

ಹತ್ತು ಹಾಡು ಅರೆಬರೆ ಬರುವುದಕ್ಕಿಂತ ಏಳು ಹಾಡು ಕಣ್ಣು ಮುಚ್ಚಿ ನುಡಿಸುವ ಹಾಗಿರಲಿ. ಚಿಕ್ಕ ಜಾಗಗಳಲ್ಲಿ ಹೊಸ ಬ್ಯಾಂಡಿಗೆ ಸಿಗುವುದೇ 30-40 ನಿಮಿಷ.

ರೆಗೇಯಲ್ಲಿ ಅಭ್ಯಾಸ ಮಾಡಬೇಕಾದ್ದು ವೇಗವಲ್ಲ, ಬಿಡುವು. ಒಂದು-ಎರಡು-ಮೂರು-ನಾಲ್ಕು ಎಂದು ಎಣಿಸಿ. ಒನ್ ಡ್ರಾಪ್ ಅನ್ನುವ ಹಳೇ ಲಯದಲ್ಲಿ ಒಂದನೇ ಪೆಟ್ಟು ಖಾಲಿ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್, ಕೋಲಲ್ಲಿ ಬಾರಿಸುವ ಸ್ನೇರ್ ಎರಡೂ ಮೂರನೆಯದಕ್ಕೆ ಬೀಳುತ್ತವೆ. ಗಿಟಾರ್ ಎರಡಕ್ಕೂ ನಾಲ್ಕಕ್ಕೂ 'ಚಕ್' ಅಂದು ಕೂಡಲೇ ಬಾಯಿ ಮುಚ್ಚುತ್ತದೆ. ಅದಕ್ಕೆ ಸ್ಕ್ಯಾಂಕ್ ಅನ್ನುತ್ತಾರೆ. ಹಾಡಿನ ಜೊತೆ ಇನ್ನೊಂದು ಹಾಡು ಹಾಡುವುದು ಬೇಸ್. ರಾಕ್‌ನಿಂದ ಬಂದ ಡ್ರಮ್ಮರ್‌ಗೆ ಆ ಒಂದನೇ ಪೆಟ್ಟು ಬಿಡುವುದು ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ನಮ್ಮವನಿಗೆ ಎರಡು ತಿಂಗಳು ಹಿಡಿಯಿತು. ಕರ್ನಾಟಕ ಸಂಗೀತ ಕಲಿತವರಿಗೆ ಇದು ಅಷ್ಟು ಹೊಸದಲ್ಲ. ತಾಳದ ಮೊದಲ ಪೆಟ್ಟು ಬಿದ್ದ ಮೇಲೆ ಸ್ವಲ್ಪ ತಡೆದು ಎತ್ತಿಕೊಳ್ಳುವ ಕೃತಿಗಳು ಎಷ್ಟೋ ಇವೆಯಲ್ಲ. ನಮ್ಮ ಕೀಬೋರ್ಡ್‌ನವಳು ಅಲ್ಲಿಂದ ಬಂದವಳು. ಅವಳೇ ಎಲ್ಲರಿಗಿಂತ ಬೇಗ ಹಿಡಿದಳು.

ಇನ್ನೊಂದು ವಿಷಯ, ಇದು ನಮಗೆ ವೇದಿಕೆ ಮೇಲೆ ಗೊತ್ತಾಗಿದ್ದು. ನಮ್ಮ ಜನ ಚಪ್ಪಾಳೆ ತಟ್ಟುವುದು ಭಜನೆಯ ಹಾಗೆ, ಒಂದಕ್ಕೂ ಮೂರಕ್ಕೂ. ಮೊದಮೊದಲು ನಮ್ಮ ಗಾಯಕ "ಹಾಗಲ್ಲ, ಹೀಗೆ" ಎಂದು ತಿದ್ದಲು ಹೋಗುತ್ತಿದ್ದ. ಜನ ತಟ್ಟುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಈಗ ಸುಮ್ನೆ ಬಿಟ್ಟುಬಿಡುತ್ತೇವೆ. ನಾವು ಖಾಲಿ ಬಿಟ್ಟ ಒಂದನೇ ಪೆಟ್ಟನ್ನು ಅವರ ಕೈ ತುಂಬುತ್ತದೆ, ಗಿಟಾರ್ ನಡುವಿನ ಸಂದಿಯಲ್ಲಿ ಕೂರುತ್ತದೆ. ಕೇಳಲು ಚೆನ್ನಾಗಿಯೇ ಇರುತ್ತದೆ.

ಕನ್ನಡದಲ್ಲಿ ಬರೆಯುವುದಾದರೆ ಸೊಲ್ಲು ಚಿಕ್ಕದಿರಲಿ. ಜನಪದ ಹಾಡಿನಲ್ಲಿ ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಸೊಲ್ಲು ಹಿಡಿಯುತ್ತಾರಲ್ಲ, ಆ ಅಳತೆ. ನಾಲ್ಕು ಪದ ದಾಟಿದರೆ ಮೊದಲ ಸಲ ಕೇಳುವವರಿಗೆ ಹಿಡಿಯಲು ಬರುವುದಿಲ್ಲ.

2. ಒಂದೇ ಜಾಗದಲ್ಲಿ ಕ್ಯಾಂಪ್ ಹಾಕಿ

ಹೊಸ ಬ್ಯಾಂಡ್‌ಗಳು ಮಾಡುವ ತಪ್ಪು ಇದು: ತಿಂಗಳಿಗೆ ನಾಲ್ಕು ಕಡೆ ಒಂದೊಂದು ಶೋ. ಎಲ್ಲ ಕಡೆ ಮುಖ ತೋರಿಸಿದ ಹಾಗಾಗುತ್ತದೆ, ಯಾವ ಕಡೆಯೂ ಗುರುತು ಉಳಿಯುವುದಿಲ್ಲ. ಹಿಂದೆ ಕಂಪನಿ ನಾಟಕದವರು ಊರಿಗೆ ಬಂದರೆ ಒಂದೇ ರಾತ್ರಿ ಆಡಿ ಹೋಗುತ್ತಿರಲಿಲ್ಲ. ತಗಡಿನ ಥಿಯೇಟರ್ ಎಬ್ಬಿಸಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದರು. ಮೊದಲ ವಾರ ನೋಡಿದವನು ಮೂರನೇ ವಾರ ಹೆಂಡತಿ-ಮಕ್ಕಳನ್ನು ಕರೆತರುತ್ತಿದ್ದ. ನಿಮಗೂ ಬೇಕಾದ್ದು ಅದೇ.

ನೀವಿರುವ ಏರಿಯಾದಲ್ಲಿ 50-60 ಜನ ಹಿಡಿಸುವ ಒಂದು ಕೆಫೆ, ಪಬ್ ಅಥವಾ ಟೆರೇಸ್ ಹುಡುಕಿ. ವಾರದ ನಡುವಿನ ಒಂದು ದಿನ ಕೇಳಿ. ಶನಿವಾರ ಅವರಿಗೆ ಹೇಗೂ ಜನ ಬರುತ್ತಾರೆ, ನೀವು ಬೇಕಾಗಿಲ್ಲ. ಬುಧವಾರ ಖಾಲಿ ಕುರ್ಚಿ ನೋಡಿ ಮಾಲೀಕರಿಗೇ ಬೇಜಾರಾಗಿರುತ್ತದೆ. "ತಿಂಗಳ ಎರಡನೇ ಬುಧವಾರ, ಆರು ತಿಂಗಳು" ಎಂದು ಒಪ್ಪಿಸಿ. ದುಡ್ಡಿನ ವಿಷಯದಲ್ಲಿ ಮೊದಲ ಎರಡು ಸಲ ಬಗ್ಗಿ, ಮೂರನೆಯದರಿಂದ ಬಗ್ಗಬೇಡಿ.

ಈ ಜಾತಿಯ ಸಂಗೀತ ಬೆಳೆದಿದ್ದೂ ಹಾಗೆಯೇ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 1988ರಲ್ಲಿ ಶುರುವಾದ ಸಬ್ಲೈಮ್ ಎಂಬ ಬ್ಯಾಂಡ್ ಮನೆಮನೆ ಪಾರ್ಟಿಗಳಲ್ಲಿ ನುಡಿಸುತ್ತಿತ್ತು. ಕ್ಲಬ್‌ಗಳು ಕರೆಯದಿದ್ದಾಗ ಸ್ಕಂಕ್ ರೆಕಾರ್ಡ್ಸ್ ಎಂಬ ಸ್ವಂತ ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಮಾಡಿಕೊಂಡರು. ಕ್ಯಾಸೆಟ್, ಸಿಡಿಗಳನ್ನು ಶೋಗಳಲ್ಲಿ ತಾವೇ ಮಾರಿದರು. 2004ರಲ್ಲಿ ಅದೇ ರಾಜ್ಯದ ಐಲಾ ವಿಸ್ಟಾದಲ್ಲಿ ರೆಬೆಲ್ಯೂಷನ್ ಎಂಬ ಬ್ಯಾಂಡ್ ಹುಟ್ಟಿತು. ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಹುಡುಗರು, ಅಕ್ಕಪಕ್ಕದ ವಿದ್ಯಾರ್ಥಿಗಳ ಮನೆಗಳೇ ವೇದಿಕೆ. ಮೊದಲ ಪೂರ್ತಿ ಆಲ್ಬಂ ಬಂದಿದ್ದು 2007ರಲ್ಲಿ. ಅಷ್ಟರಲ್ಲಿ ಆ ಬೀದಿಗಳಿಗೆ ಅವರ ಹಾಡು ಬಾಯಿಪಾಠ. ಓದು ಮುಗಿಸಿ ಊರಿಗೆ ಹೋದ ವಿದ್ಯಾರ್ಥಿಗಳು ಅದನ್ನು ಜೊತೆಗೆ ಒಯ್ದರು. ನಮ್ಮಲ್ಲಿ ಮಣಿಪಾಲ, ಧಾರವಾಡ, ಮೈಸೂರು ಅಂಥ ಊರುಗಳು. ಅಲ್ಲಿನ ಪಿಜಿ, ಹಾಸ್ಟೆಲ್‌ಗಳಿಂದ ಪ್ರತಿ ವರ್ಷ ಸಾವಿರಾರು ಜನ ಬೇರೆ ಊರಿಗೆ ಹೊರಡುತ್ತಾರೆ.

3. ಜಾಗದವರನ್ನು ಕೇಳಬೇಕಾದ ಮೂರು ಪ್ರಶ್ನೆ

ಮೊದಲನೆಯದು: ಲೈವ್ ಸಂಗೀತಕ್ಕೆ ಲೈಸೆನ್ಸ್ ಇದೆಯಾ? ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನೆಗೆ 2005ರ ಪೊಲೀಸ್ ಆದೇಶವೊಂದಿದೆ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಇಂದಿರಾನಗರದ ಎಷ್ಟೋ ಕಡೆ ಲೈವ್ ಸಂಗೀತ ನಿಂತಿತ್ತು. ನಮ್ಮದೊಂದು ಶೋ ಸೌಂಡ್‌ಚೆಕ್ ಮುಗಿದ ಮೇಲೆ ರದ್ದಾಯಿತು. ಆಟೋದಲ್ಲಿ ಆಂಪ್ಲಿಫೈಯರ್ ಮಡಿಲಲ್ಲಿಟ್ಟುಕೊಂಡು ವಾಪಸ್ ಬಂದೆವು. ಅದಕ್ಕೇ ಈಗ ಮೊದಲೇ ಕೇಳುತ್ತೇವೆ.

ಎರಡನೆಯದು: ಎಷ್ಟು ಗಂಟೆಗೆ ಶುರು? ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸ್ಪೀಕರ್ ಹಾಕುವಂತಿಲ್ಲ. "ಒಂಬತ್ತರ ಮೇಲೆ ಜನ ಬರ್ತಾರೆ, ಆಗ ಶುರು ಮಾಡಿ" ಅನ್ನುವವರ ಟೆರೇಸ್‌ನಲ್ಲಿ ನಿಮಗೆ ಸಿಗುವುದು ಅರ್ಧ ಶೋ ಅಷ್ಟೇ.

ಮೂರನೆಯದು: ಸಬ್ ಇದೆಯಾ? ಅಂದರೆ ಕೆಳಗಿನ ದನಿಗೆಂದೇ ಇರುವ ದೊಡ್ಡ ಸ್ಪೀಕರ್. ಗೋಡೆಗೆ ನೇತುಹಾಕಿದ ಎರಡು ಡಬ್ಬಿಯಲ್ಲಿ ರಾಕ್ ಹೇಗೋ ನಡೆಯುತ್ತದೆ, ರೆಗೇ ನಡೆಯುವುದಿಲ್ಲ. ಬೇಸ್ ಎದೆಗೆ ತಾಗದಿದ್ದರೆ ಜನರಿಗೆ ಕೇಳಿಸುವುದು ಬರೀ 'ಚಕ್ ಚಕ್'. ಸಬ್ ಇಲ್ಲ ಎಂದರೆ ಒಂದು ಬಾಡಿಗೆಗೆ ತನ್ನಿ, ಇಲ್ಲವೇ ಆ ಜಾಗ ಬಿಡಿ.

4. ಶೋ ದಿನ

ಒಂದು ಹಾಳೆಯಲ್ಲಿ ಯಾರು ಎಲ್ಲಿ ನಿಲ್ಲುತ್ತೀರಿ, ಮಿಕ್ಸರ್‌ಗೆ ಎಷ್ಟು ಲೈನ್ (ಕೇಬಲ್) ಬೇಕು ಎಂದು ಬರೆದು ಸೌಂಡ್‌ನವರಿಗೆ ಎರಡು ದಿನ ಮುಂಚೆ ವಾಟ್ಸಾಪ್ ಮಾಡಿ. ನಮ್ಮದು 11 ಲೈನ್: ಡ್ರಮ್ಸ್‌ಗೆ ನಾಲ್ಕು ಮೈಕ್, ಬೇಸ್‌ಗೆ ಒಂದು ಡಿಐ ಬಾಕ್ಸ್ (ವಾದ್ಯವನ್ನು ಮೈಕ್ ಇಲ್ಲದೆ ನೇರ ಮಿಕ್ಸರ್‌ಗೆ ಜೋಡಿಸುವ ಡಬ್ಬಿ), ಗಿಟಾರ್‌ಗೆ ಒಂದು ಮೈಕ್, ಕೀಬೋರ್ಡ್‌ಗೆ ಎರಡು ಲೈನ್, ಹಾಡಲು ಮೂರು ಮೈಕ್. ಹಾಳೆ ಕಳಿಸಿದ ಬ್ಯಾಂಡಿಗೆ ಸೌಂಡ್‌ನವರು ಕೊಡುವ ಮರ್ಯಾದೆಯೇ ಬೇರೆ.

ಸೌಂಡ್‌ನವರ ಹೆಸರು ಕೇಳಿಕೊಳ್ಳಿ, ಟೀ ತರಿಸಿದರೆ ಅವರಿಗೂ ಒಂದು ತರಿಸಿ. ಸೌಂಡ್‌ಚೆಕ್‌ನಲ್ಲಿ ಪೂರ್ತಿ ಹಾಡು ನುಡಿಸಬೇಡಿ. ಬೇಸ್ ಮತ್ತು ಕಿಕ್ ಎರಡನ್ನೇ ನಾಲ್ಕು ನಿಮಿಷ ನುಡಿಸಿ, ಒಬ್ಬರು ಬಾಗಿಲ ಹತ್ತಿರ ನಿಂತು ಕೇಳಲಿ. ಖಾಲಿ ಕೋಣೆಯಲ್ಲಿ ಬೇಸ್ ಗುಂಯ್‌ಗುಡುತ್ತದೆ. ಜನ ತುಂಬಿದರೆ ಅದು ಸ್ವಲ್ಪ ಅಡಗುತ್ತದೆ. ಈ ಅಂದಾಜು ನಾಲ್ಕೈದು ಶೋ ಆದ ಮೇಲೇ ಬರುವುದು.

ಅರ್ತಿಂಗ್ ನೋಡಿಕೊಳ್ಳುವುದನ್ನು ಮರೆಯಬೇಡಿ. ಇದು ತಮಾಷೆಯ ಮಾತಲ್ಲ. ಜನರೇಟರ್‌ನಲ್ಲಿ ನಡೆಯುವ ಬೀದಿ ವೇದಿಕೆಯಲ್ಲಿ ಒಂದು ಕೈ ಗಿಟಾರ್ ತಂತಿ ಮೇಲಿದ್ದು ತುಟಿ ಮೈಕ್‌ಗೆ ತಾಗಿದರೆ ಶಾಕ್ ಹೊಡೆಯುವುದು ಎಷ್ಟೋ ಜನ ಕಂಡ ವಿಷಯ. ನಾವೊಂದು ಟೆಸ್ಟರ್, ಅರ್ತ್ ಪಿನ್ ಇರುವ ಸ್ವಂತ ಎಕ್ಸ್‌ಟೆನ್ಷನ್ ಬೋರ್ಡ್, ಮೈಕ್‌ಗೆ ಹಾಕುವ ಸ್ಪಂಜಿನ ಟೋಪಿ ಯಾವಾಗಲೂ ಒಯ್ಯುತ್ತೇವೆ. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಎಂದು ಸಂಘದವರು ಹೇಳಿದರೆ, ಕೈಮುಗಿದು, ಯಾಕೆ ಆಗುವುದಿಲ್ಲ ಎಂದು ವಿವರಿಸಿ.

5. ಪಬ್ಬಿನಿಂದ ಹೊರಗೆ ಬನ್ನಿ

ಲೈವ್ ಶೋ ಅಂದರೆ ಬೆಂಗಳೂರಿನ ಬ್ಯಾಂಡ್‌ಗಳಿಗೆ ಪಬ್ ಒಂದೇ ನೆನಪಿಗೆ ಬರುತ್ತದೆ. ಆದರೆ ಅದೇ ಊರಿನಲ್ಲಿ ಅಣ್ಣಮ್ಮನ ಉತ್ಸವ, ಗಣೇಶನ ಪೆಂಡಾಲು, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವ, ಎಲ್ಲ ಕಡೆ ಆರ್ಕೆಸ್ಟ್ರಾ ಇರುತ್ತದೆ. ಅಲ್ಲಿ ಟಿಕೆಟ್ ಇಲ್ಲ, ಬಾಗಿಲು ಇಲ್ಲ, ವಯಸ್ಸಿನ ಮಿತಿ ಇಲ್ಲ. ರೆಗೇ ಹುಟ್ಟಿ ಬೆಳೆದಿದ್ದೂ ಜಮೈಕಾದ ಬೀದಿಯ ಸೌಂಡ್ ಸಿಸ್ಟಂಗಳ ಮುಂದೆಯೇ. ಲಾರಿಯಲ್ಲಿ ಸ್ಪೀಕರ್ ತಂದು ಪೇರಿಸಿ ಊರಿಗೆಲ್ಲ ಕೇಳಿಸುವುದು ನಮ್ಮವರಿಗೇನು ಹೊಸದೇ?

ಒಂದು ನವೆಂಬರ್‌ನಲ್ಲಿ ನಮಗೆ ಅಂಥ ವೇದಿಕೆ ಸಿಕ್ಕಿತು. ಏಳು ಗಂಟೆಗೆ ಎಂದಿದ್ದರು. ಭುವನೇಶ್ವರಿ ಪೂಜೆ ಆಯಿತು, ಭಾಷಣ ಆಯಿತು, ಶಾಲು-ಪೇಟದ ಸನ್ಮಾನ ಶುರುವಾಯಿತು. ಸನ್ಮಾನಿತರು ಹದಿನಾರು ಜನ. ಪ್ರತಿಯೊಬ್ಬರಿಗೂ ಒಂದು ಫೋಟೊ, ಫೋಟೊದಲ್ಲಿ ಇಲ್ಲದವರಿಗಾಗಿ ಇನ್ನೊಂದು ಫೋಟೊ. ನಾವು ಹತ್ತಿದ್ದು 9:20ಕ್ಕೆ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಜ್ಜಿಯರು, ನಿದ್ದೆಗಣ್ಣಿನ ಮಕ್ಕಳು. ಮೊದಲ ಹಾಡು ಮುಗಿದಾಗ ಚಪ್ಪಾಳೆಯೇ ಇಲ್ಲ. ಹಿಂದಿನಿಂದ ಒಬ್ಬರು ಕೂಗಿದರು: "ಬ್ರದರ್, ಅಣ್ಣಾವ್ರದ್ದು ಒಂದು ಹೇಳಿ!"

ಪುಣ್ಯಕ್ಕೆ ನಮ್ಮ ಹತ್ತಿರ ಒಂದಿತ್ತು. ಅಣ್ಣಾವ್ರ ಹಳೇ ಹಾಡೊಂದನ್ನು ನಾವು ಅಭ್ಯಾಸ ಮಾಡುವ ಜ್ಯಾಮ್ ರೂಮಿನಲ್ಲಿ ತಮಾಷೆಗೆ ನಮ್ಮ ಲಯಕ್ಕೆ ಇಳಿಸಿಕೊಂಡಿದ್ದೆವು. ಎತ್ತಿಕೊಂಡ ಎರಡನೇ ಸಾಲಿಗೆ ಮುಂದಿನ ಸಾಲಿನ ಅಜ್ಜಿ ತೊಡೆ ಮೇಲೆ ತಾಳ ಹಾಕತೊಡಗಿದರು, ಭಜನೆಯ ಹಾಗೆಯೇ. ಕುರ್ಚಿ ಬಿಟ್ಟು ಎದ್ದ ಹುಡುಗರು ಮೊದಲು ಹೆಜ್ಜೆ ಸಿಗದೆ ತಡವರಿಸಿದರು, ಆಮೇಲೆ ಲಯ ಸಿಕ್ಕಿತು. ಆ ಹಾಡು ಮುಗಿದ ಕೂಡಲೇ ನಮ್ಮ ಗಾಯಕ ಥ್ಯಾಂಕ್ಸ್ ಹೇಳಲು ನಿಂತ. ಅಷ್ಟೇ, ಎಲ್ಲರೂ ಕೂತರು! ಮುಂದಿನದು ನಮ್ಮ ಸ್ವಂತ ಹಾಡು, ಮತ್ತೆ ಅದೇ ಮೌನ. ಹತ್ತಕ್ಕೆ ಐದು ನಿಮಿಷ ಇದ್ದಾಗ ಸ್ಪೀಕರ್ ಬಂದ್.

ಅವತ್ತು ಕಲಿತಿದ್ದು ಇದು. ಎಲ್ಲರಿಗೂ ಗೊತ್ತಿರುವ ಹಾಡು ಒಂದೇ ಒಂದು ಇಟ್ಟುಕೊಳ್ಳಿ. ಅದನ್ನು ಮೊದಲೂ ನುಡಿಸಬೇಡಿ, ಕೊನೆಗೂ ಬೇಡ. ಎರಡನೆಯದೋ ಮೂರನೆಯದೋ ಆಗಿರಲಿ. ಅದು ಮುಗಿಯುವ ಜಾಗದಲ್ಲಿ ನಿಲ್ಲಬೇಡಿ. ಅದೇ ಶ್ರುತಿ, ಅದೇ ವೇಗದಲ್ಲಿರುವ ನಿಮ್ಮ ಸ್ವಂತ ಹಾಡಿಗೆ ಡ್ರಮ್ಸ್ ನಿಲ್ಲಿಸದೆ ದಾಟಿಬಿಡಿ. ಕುಣಿಯುವವರಿಗೆ ಹಾಡು ಬದಲಾಗಿದ್ದು ಅರ್ಧ ನಿಮಿಷ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ನಿಮ್ಮ ಸೊಲ್ಲು ಬಂದಿರುತ್ತದೆ. ಆಮೇಲಿನ ವರ್ಷ ಬೇರೊಂದು ಬಡಾವಣೆಯಲ್ಲಿ ಹಾಗೆಯೇ ಮಾಡಿದೆವು. ಕೂತವರು ಯಾರೂ ಇಲ್ಲ.

ಎರಡು ಎಚ್ಚರಿಕೆ. 'ಏಳು ಗಂಟೆ' ಅಂದರೆ ಒಂಬತ್ತು ಎಂದೇ ತಿಳಿದು 20 ನಿಮಿಷದ ಚಿಕ್ಕ ಪಟ್ಟಿಯನ್ನೂ ತಯಾರು ಮಾಡಿಕೊಂಡಿರಿ. ಮತ್ತೆ ಬೇರೆಯವರ ಹಾಡು ನುಡಿಸಿದರೆ, ಹಾಡು ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ ಎಂಬ ಸಂಸ್ಥೆಯ ಲೈಸೆನ್ಸ್ ತಗೊಳ್ಳಬೇಕಾದ್ದು ಕಾರ್ಯಕ್ರಮ ನಡೆಸುವವರು. ಇದನ್ನು ಮೊದಲೇ ಮಾತಾಡಿಕೊಳ್ಳಿ.

6. ನೋಟ್‌ಬುಕ್ ಇಡುವ ಮೇಜು

ಶೋ ಮುಗಿದ ಮೇಲಿನ ಹದಿನೈದು ನಿಮಿಷ ಶೋಗಿಂತ ಮುಖ್ಯ. ಎಲ್ಲರೂ ಕೇಬಲ್ ಸುತ್ತುತ್ತ ಕೂತರೆ ಜನ ಜಾರಿಕೊಳ್ಳುತ್ತಾರೆ. ನಮ್ಮಲ್ಲಿ ಮೂವರು ಸಾಮಾನು ಕಟ್ಟುತ್ತಾರೆ, ಇಬ್ಬರು ಬಾಗಿಲ ಹತ್ತಿರದ ಮೇಜಿಗೆ ಹೋಗುತ್ತಾರೆ. ಮೇಜಿನ ಮೇಲೆ ಟೀ-ಶರ್ಟ್, ಸ್ಟಿಕ್ಕರ್, ಯುಪಿಐ ಕೋಡ್, ನೋಟ್‌ಬುಕ್.

ನೋಟ್‌ಬುಕ್‌ನಲ್ಲಿ ನಾಲ್ಕು ಗೀಟು: ಹೆಸರು, ನಂಬರ್, ಯಾವ ಏರಿಯಾ, ಯಾವ ಹಾಡು ಇಷ್ಟವಾಯಿತು. ಅವರ ಕೈಯಲ್ಲೇ ಬರೆಸಿ. ತಿಂಗಳಿಗೆ ಒಂದೇ ಮೆಸೇಜ್ ಕಳಿಸುತ್ತೇವೆ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಐದನೇ ಗೀಟು ನಿಮ್ಮದು: ಎರಡನೇ ಸಲ ಬಂದರೆ ಒಂದು ಟಿಕ್, ಮೂರನೇ ಸಲ ಬಂದರೆ ಇನ್ನೊಂದು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಒಂದು ತೊಡಕಿದೆ. ನಿಮ್ಮ ನಂಬರ್ ಅವರ ಫೋನ್‌ನಲ್ಲಿ ಸೇವ್ ಆಗಿರದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ನಮಗಿದು ಐದು ತಿಂಗಳು ಗೊತ್ತಿರಲಿಲ್ಲ. ಅಲ್ಲೇ ನಿಂತು ಸೇವ್ ಮಾಡಿಸಿ.

'ಯಾವ ಹಾಡು' ಎಂಬ ಗೀಟನ್ನು ಬಿಡಬೇಡಿ. ನಮಗೆ ಬೇಡವೆನಿಸಿ ಪಟ್ಟಿಯಿಂದ ತೆಗೆಯಬೇಕೆಂದಿದ್ದ ಹಾಡನ್ನು 14 ಜನ ಬರೆದಿದ್ದರು. ನಾವು ತುಂಬ ಹೆಮ್ಮೆಪಟ್ಟುಕೊಂಡಿದ್ದ ಎಂಟು ನಿಮಿಷದ ಡಬ್ (ಹಾಡುಗಾರಿಕೆ ಕಡಿಮೆ ಮಾಡಿ ಬೇಸ್, ಡ್ರಮ್ಸ್, ಪ್ರತಿಧ್ವನಿಯನ್ನು ಮುಂದಿಡುವ ರೆಗೇ) ಹಾಡನ್ನು ಬರೆದಿದ್ದು ಒಬ್ಬ, ಅವನೂ ಸೌಂಡ್ ಎಂಜಿನಿಯರ್.

ಟೀ-ಶರ್ಟ್ ಬಗ್ಗೆ ಒಂದೇ ಮಾತು: ಮೊದಲ ಸಲ 30ಕ್ಕಿಂತ ಜಾಸ್ತಿ ಮಾಡಿಸಬೇಡಿ. ನಮ್ಮ ಮನೆ ಅಟ್ಟದಲ್ಲಿ ಇನ್ನೂ ಒಂದು ರಟ್ಟಿನ ಡಬ್ಬ ಸ್ಮಾಲ್ ಸೈಜ್ ಇದೆ.

ಇನ್‌ಸ್ಟಾಗ್ರಾಂ ಬೇಡವಾ? ಬೇಕು. ಆದರೆ ಮುಂದಿನ ಶೋ ಎಲ್ಲಿ, ಎಷ್ಟು ಗಂಟೆಗೆ ಎಂದು ಹೇಳುವ ಗೋಡೆಯಾಗಿ ಸಾಕು. ಪ್ರತಿ ಶೋದಿಂದ ಒಂದು ಹಾಡಿನ ಒಂದು ನಿಮಿಷ ಹಾಕಿ, ಅದರಲ್ಲಿ ನೀವು ಕಾಣುವುದಕ್ಕಿಂತ ಜನ ಕಾಣಲಿ.

7. ತಿರುಗಾಟ

ಸ್ವಂತ ಏರಿಯಾದಲ್ಲಿ ಎರಡು ಟಿಕ್ ಇರುವವರು 30 ಜನ ಆಗುವವರೆಗೆ ಊರು ಬಿಡಬೇಡಿ. ಇದು ನಮ್ಮ ಲೆಕ್ಕ, ನಿಮ್ಮದು ಬೇರೆ ಇರಬಹುದು.

ಹೊರಡುವಾಗ ಯಕ್ಷಗಾನ ಮೇಳಗಳನ್ನು ನೆನೆಸಿಕೊಳ್ಳಿ. ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟರೆ ಮೇ ಕೊನೆಯಲ್ಲಿ ಬರುವ, ತುಳುನಾಡಿನವರು ಪತ್ತನಾಜೆ ಅನ್ನುವ ದಿನದ ಹೊತ್ತಿಗೆ ಬಿಚ್ಚುವುದು. ಇವತ್ತು ಈ ಊರು, ನಾಳೆ ಪಕ್ಕದ ಊರು. ಎಲ್ಲಿಂದೆಲ್ಲಿಗೋ ಹಾರುವುದಿಲ್ಲ. ನಾವು ಮೊದಲ ಸಲ ಶುಕ್ರವಾರ ಮಂಗಳೂರು, ಶನಿವಾರ ಹುಬ್ಬಳ್ಳಿ, ಭಾನುವಾರ ಮೈಸೂರು ಎಂದು ಹಾಕಿಕೊಂಡಿದ್ದೆವು. ನಕ್ಷೆ ತೆಗೆದು ನೋಡಿ, ನಗು ಬರುತ್ತದೆ. ಮೈಸೂರಿನಲ್ಲಿ ಡ್ರಮ್ಮರ್ ಕೂತಲ್ಲೇ ತೂಕಡಿಸಿದ. ರೆಗೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಈಗ ಮಂಗಳೂರು-ಮಣಿಪಾಲ-ಗೋಕರ್ಣ ಒಂದು ದಾರಿ, ದಾವಣಗೆರೆ-ಹುಬ್ಬಳ್ಳಿ-ಧಾರವಾಡ ಇನ್ನೊಂದು ದಾರಿ. ಗೋಕರ್ಣದಿಂದ ಮುಂದೆ ಗೋವಾ ದೂರವಿಲ್ಲ. 2016ರಲ್ಲಿ ಶುರುವಾದ ಗೋವಾ ಸನ್‌ಸ್ಪ್ಲಾಶ್ ನಮ್ಮ ದೇಶದಲ್ಲಿ ರೆಗೇಗೆಂದೇ ಇರುವ ಹಬ್ಬ. ನುಡಿಸಲು ಕರೆಯದಿದ್ದರೂ ಒಮ್ಮೆ ಕೇಳಲು ಹೋಗಿ ಬನ್ನಿ.

ಟೆಂಪೋ ಟ್ರಾವೆಲರ್‌ನವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ, ಗಾಡಿ ನಿಂತಿದ್ದರೂ ಅಷ್ಟು ಕೊಡಬೇಕು. ಡ್ರೈವರ್ ಬಾಟಾ, ಟೋಲ್ ಬೇರೆ. ಅದಕ್ಕೇ ಡ್ರಮ್ಸ್, ಆಂಪ್ಲಿಫೈಯರ್ ಆಯಾ ಊರಿನಲ್ಲೇ ಬಾಡಿಗೆಗೆ ಹಿಡಿದು, ಸಿಂಬಲ್, ಸ್ನೇರ್, ಗಿಟಾರ್ ಮಾತ್ರ ಹೊತ್ತು ರೈಲಿನಲ್ಲಿ ಹೋಗುವುದು ಎಷ್ಟೋ ಸಲ ಅಗ್ಗ.

ಅಲ್ಲಿ ಜನ ಇರುತ್ತಾರಾ? ಇರುವುದಿಲ್ಲ. 1978ರ ಅಕ್ಟೋಬರ್‌ನಲ್ಲಿ ರಾಕ್‌ಗೆ ರೆಗೇ ಬೆರೆಸಿದ ಇಂಗ್ಲೆಂಡಿನ ಬ್ಯಾಂಡ್ ದಿ ಪೊಲೀಸ್, ಲೇಕರ್ ಏರ್‌ವೇಸ್‌ನ ಅಗ್ಗದ ಟಿಕೆಟ್‌ನಲ್ಲಿ ಅಮೆರಿಕಕ್ಕೆ ಹೋದಾಗ ಅವರ ಮೊದಲ ಆಲ್ಬಂ ಕೂಡ ಬಂದಿರಲಿಲ್ಲ. ವ್ಯಾನ್‌ನಲ್ಲಿ ಕ್ಲಬ್‌ನಿಂದ ಕ್ಲಬ್‌ಗೆ ಓಡಾಡಿದರು, ಕೆಲವು ಕಡೆ ಬೆರಳೆಣಿಕೆಯಷ್ಟು ಜನರ ಮುಂದೆ ನುಡಿಸಿದರು. ಕೆಲವೇ ವರ್ಷಗಳಲ್ಲಿ ಆ ದೇಶದ ಕ್ರೀಡಾಂಗಣಗಳನ್ನು ತುಂಬಿಸುವಂತಾದರು. ನಾವೇನೂ ದಿ ಪೊಲೀಸ್ ಅಲ್ಲ. ಆದರೆ ಖಾಲಿ ಕೋಣೆಯಲ್ಲೂ ಪೂರ್ತಿ ಪಟ್ಟಿ ನುಡಿಸಿ. ಅಲ್ಲಿರುವ ನಾಲ್ಕು ಜನ ನೋಡುವುದು ನೀವು ಅವರನ್ನು ಲೆಕ್ಕಕ್ಕೆ ಇಟ್ಟಿರಾ ಎಂದು.

ಹೊಸ ಊರಿನಲ್ಲಿ ಅಲ್ಲಿಯದೇ ಒಂದು ಬ್ಯಾಂಡನ್ನು ಜೊತೆಗೆ ಸೇರಿಸಿಕೊಳ್ಳಿ, ಕೊನೆಯ ಸರದಿ ಅವರಿಗೇ ಕೊಡಿ. ಅವರ ಗೆಳೆಯರು ಕೊನೆಯವರೆಗೆ ಕಾಯುತ್ತಾರೆ, ಕಾಯುವಾಗ ನಿಮ್ಮನ್ನು ಕೇಳುತ್ತಾರೆ. ಅವರು ಬೆಂಗಳೂರಿಗೆ ಬಂದಾಗ ನಿಮ್ಮ ಬುಧವಾರ ಅವರದ್ದು.

8. ದುಡ್ಡು

ಅರ್ಧ ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮುಂಚೆ. ಕೊನೇ ಪಕ್ಷ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ: ಎಷ್ಟು, ಯಾವಾಗ, ಊಟ-ವಸತಿ ಯಾರದ್ದು, ರದ್ದಾದರೆ ಏನು. ಕಾಲೇಜು ಅಥವಾ ಕಂಪನಿಯವರು ಟಿಡಿಎಸ್ ಹಿಡಿದರೆ ಸಾಮಾನ್ಯವಾಗಿ 10% ಹೋಗುತ್ತದೆ, ಪ್ಯಾನ್ ಕೊಡದಿದ್ದರೆ 20%. ಹಿಡಿದಿದ್ದಕ್ಕೆ ಸರ್ಟಿಫಿಕೇಟ್ ಕೇಳಿ, ರಿಟರ್ನ್ಸ್ ಹಾಕುವಾಗ ಬೇಕು. ಸ್ವಂತ ಹಾಡು ಬರೆದವರು ಐಪಿಆರ್‌ಎಸ್‌ಗೆ ಸದಸ್ಯರಾಗಿ, ಹಾಡುಗಳನ್ನು ನೋಂದಾಯಿಸಿ.

ಬಂದ ದುಡ್ಡನ್ನು ಐದು ಪಾಲು ಮಾಡಬೇಡಿ, ಆರು ಮಾಡಿ. ಆರನೆಯದು ಬ್ಯಾಂಡಿನದು. ತಂತಿ, ಡ್ರಮ್ಮಿನ ಮೇಲಿನ ಹೊದಿಕೆ, ಜ್ಯಾಮ್ ರೂಮಿನ ಬಾಡಿಗೆ ಎಲ್ಲ ಅದರಿಂದ. ಮೊದಲ ವರ್ಷ ಆ ಆರನೇ ಪಾಲು ಬಿಟ್ಟು ನಮಗೆ ಬೇರೇನೂ ಉಳಿಯಲಿಲ್ಲ. ಅದನ್ನು ಮೊದಲೇ ಎಲ್ಲರ ಮನೆಯಲ್ಲೂ ಹೇಳಿಬಿಡಿ, ಆಮೇಲಿನ ಜಗಳ ತಪ್ಪುತ್ತದೆ.

ಧಾರವಾಡಕ್ಕೆ ಮೊದಲ ಸಲ ಹೋದಾಗ ಒಂಬತ್ತು ಜನ ಇದ್ದರು, ಏಳು ಜನ ನೋಟ್‌ಬುಕ್‌ನಲ್ಲಿ ಬರೆದರು. ನಾಲ್ಕು ತಿಂಗಳು ಬಿಟ್ಟು ಮತ್ತೆ ಹೋದೆವು. 26 ಜನ. ಏಳರಲ್ಲಿ ಐದು ಜನರ ಹೆಸರ ಮುಂದೆ ಟಿಕ್ ಹಾಕುತ್ತಿದ್ದಾಗ ಆರನೆಯವಳು ಬಾಗಿಲಿಗೆ ಬಂದಳು, ಬಸ್ ತಪ್ಪಿತ್ತಂತೆ, ಶೋ ಮುಗಿದೇಹೋಗಿತ್ತು. ಕೇಬಲ್ ಬಿಚ್ಚಿ ಅವಳು ಬರೆದಿದ್ದ ಹಾಡನ್ನು ಮತ್ತೊಮ್ಮೆ ನುಡಿಸಿದೆವು.